ಕಾಳು ಮೆತ್ತಗೆ ಬೇಯಬೇಕೆಂದರೆ

ಮನೆಯಲ್ಲೇ ಒಳ್ಳೆಯ ಊಟ ಮಾಡಿಕೊಂಡು ಉಣ್ಣಬೇಕು ಎಂದು ಹೊರಟವರು ಸೋಲುವುದು ಹೆಚ್ಚಾಗಿ ಸಂಜೆ ಏಳರ ಹೊತ್ತಿಗೆ. ಹಸಿವಾಗಿರುತ್ತದೆ, ತರಕಾರಿಯೂ ಇರುತ್ತದೆ, ಆದರೆ ಹೊಟ್ಟೆಗೆ ಗಟ್ಟಿಯಾಗಿ ನಿಲ್ಲುವಂಥದ್ದು ಏನೂ ತಯಾರಿರುವುದಿಲ್ಲ. ಅನ್ನ, ತರಕಾರಿ ಅರ್ಧ ಗಂಟೆಯಲ್ಲಿ ಬೆಂದುಬಿಡುತ್ತವೆ. ಕಾಳಿಗೆ ಮಾತ್ರ ಹಿಂದಿನ ರಾತ್ರಿಯೇ ಯೋಚಿಸಬೇಕು. ಅದಕ್ಕೇ ವಾರಕ್ಕೆ ಎರಡು ಸಲ ಕಾಳು ಬೇಯಿಸಿ ಫ್ರಿಜ್ಜಿನಲ್ಲಿಟ್ಟುಕೊಳ್ಳುವವರಿಗೆ ಉಳಿದ ಅಡುಗೆ ಹಗುರ.

ಲೆಕ್ಕ ಸುಲಭ. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ, ಜೊತೆಗೆ ಬೇಕಾದಷ್ಟು ನಾರಿನಂಶ. ಒಬ್ಬರಿಗೆ ಒಂದು ಊಟಕ್ಕೆ 50 ಗ್ರಾಂ ಒಣ ಕಾಳು ಸಾಕು. ಬೆಂದ ಮೇಲೆ ಅದು ತೂಕದಲ್ಲಿ ಎರಡರಿಂದ ಎರಡೂವರೆ ಪಟ್ಟಾಗಿ ಮುಕ್ಕಾಲು ಕಪ್ ತುಂಬುತ್ತದೆ. ಅರ್ಧ ಕಿಲೋ ಬೇಯಿಸಿದರೆ ಹತ್ತು ಊಟಕ್ಕಾಯಿತು. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಕಾಳಿನಲ್ಲಿ ಪೊಟ್ಯಾಸಿಯಂ ಜಾಸ್ತಿ.

ನೆನೆಯಿಡುವುದು

ಕಾಳು ಬೇಯದಿದ್ದರೆ ಎಲ್ಲರೂ ಬೈಯುವುದು ಕುಕ್ಕರ್ ಅನ್ನು. ತಪ್ಪು ನಡೆದಿರುವುದು ಸಾಮಾನ್ಯವಾಗಿ ಅದಕ್ಕೂ ಮೊದಲು. ಸೆಕೆ, ತೇವ ಇರುವ ಕಡೆ ತಿಂಗಳುಗಟ್ಟಲೆ ಬಿದ್ದಿದ್ದ ಕಾಳು ಒಳಗೇ ಗಡುಸಾಗಿಬಿಡುತ್ತದೆ. ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಅದರ ಗಟ್ಟಿತನ ಪೂರ್ತಿ ಹೋಗುವುದಿಲ್ಲ. ಕೊಳ್ಳುವಾಗ ಬಣ್ಣ ಮಂಕಾದ, ಸಿಪ್ಪೆ ಸುಕ್ಕಾದ, ಒಡಕು ಹೆಚ್ಚಿರುವ ಕಾಳನ್ನು ಬಿಟ್ಟುಬಿಡಿ. ಡಬ್ಬಿಯ ಮೇಲೆ ತಂದ ತಿಂಗಳನ್ನು ಬರೆದಿಡಿ. ಡಬ್ಬಿಯ ತಳದಲ್ಲಿ ಉಳಿದ ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವಂತೂ ಬೇಡವೇ ಬೇಡ. ಹೊಸದು ಕರಗಿ ಮುದ್ದೆಯಾಗುವ ಹೊತ್ತಿಗೂ ಹಳೆಯದು ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ.

ಕಾಳನ್ನು ತಟ್ಟೆಯಲ್ಲಿ ಹರಡಿ ಕಲ್ಲು ಆರಿಸಿ, ಎರಡು ಸಲ ತೊಳೆದು, ಮೂರು–ನಾಲ್ಕು ಪಟ್ಟು ನೀರು ಹಾಕಿ 8ರಿಂದ 12 ಗಂಟೆ ನೆನೆಯಿಡಿ. ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಸೇರಿಸಿ. ಉಪ್ಪು ಬಿದ್ದರೆ ಕಾಳು ಬೇಯುವುದಿಲ್ಲ ಎನ್ನುವ ಮಾತು ಎಷ್ಟೋ ಅಡುಗೆಮನೆಗಳಲ್ಲಿದೆ, ಆದರೆ ಆಗುವುದು ಅದಕ್ಕೆ ತದ್ವಿರುದ್ಧ. ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟಿನಂಥ ನಾರು; ಆ ಪೆಕ್ಟಿನ್ ಎಳೆಗಳನ್ನು ಬೆಸೆದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಇವುಗಳ ಜಾಗಕ್ಕೆ ಹೋಗಿ ಕೂತಾಗ ಬೆಸುಗೆ ಸಡಿಲವಾಗಿ ಸಿಪ್ಪೆ ಮೆತ್ತಗಾಗುತ್ತದೆ, ಬೇಯುವಾಗ ಒಡೆದು ಚೂರಾಗುವುದೂ ಕಡಿಮೆ. ನೆಂದ ನೀರನ್ನು ಚೆಲ್ಲಿ ಮತ್ತೆ ತೊಳೆಯುವುದರಿಂದ ಹೆಚ್ಚಿನ ಉಪ್ಪು ಹೊರಟುಹೋಗುತ್ತದೆ. ಉಪ್ಪು ಕಟ್ಟುನಿಟ್ಟಾಗಿ ಬಿಟ್ಟವರು ಬರೀ ನೀರಿನಲ್ಲೇ ನೆನೆಯಿಟ್ಟು ಹತ್ತು ನಿಮಿಷ ಜಾಸ್ತಿ ಬೇಯಿಸಿದರಾಯಿತು.

ಸೆಕೆಗಾಲದಲ್ಲಿ ಎಂಟು ಗಂಟೆ ದಾಟಿದರೆ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಆಗ ಪಾತ್ರೆಯನ್ನು ಫ್ರಿಜ್ಜಿನಲ್ಲಿಡುವುದೇ ಸರಿ, ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೆ. ಸರಿಯಾಗಿ ನೆಂದಿದೆಯೇ ಎಂದು ನೋಡಲು ಒಂದು ಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ. ಒಳಗೆ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿರಬೇಕು. ನಡುವೆ ಬಿಳಿಚಿದ, ಒಣಗಿದ ಚುಕ್ಕಿ ಕಂಡರೆ ಇನ್ನೂ ಎರಡು ಗಂಟೆ ಬಿಡಿ.

ರಾತ್ರಿ ಮರೆತುಹೋಯಿತೇ? ಕಾಳು ಮುಳುಗುವಷ್ಟು ನೀರಿನಲ್ಲಿ ಎರಡು–ಮೂರು ನಿಮಿಷ ಕುದಿಸಿ, ಉರಿ ಆರಿಸಿ, ಮುಚ್ಚಿ ಒಂದು ಗಂಟೆ ಬಿಟ್ಟು ಆ ನೀರು ಬಸಿಯಿರಿ. ರಾತ್ರಿ ನೆನೆದಷ್ಟು ಸಮವಾಗಿ ಬೇಯುವುದಿಲ್ಲ, ಆದರೆ ಕೆಲಸ ನಡೆಯುತ್ತದೆ. ಒಡೆದ ಬೇಳೆಗೆ ಇದ್ಯಾವುದೂ ಬೇಕಿಲ್ಲ.

ಬೇಯಿಸುವುದು

ತೆರೆದ ಪಾತ್ರೆಯಾದರೆ ಕಾಳಿನ ಮೇಲೆ ಎರಡು ಇಂಚು ನಿಲ್ಲುವಷ್ಟು ಹೊಸ ನೀರು ಹಾಕಿ, ಮೊದಲ ಹತ್ತು ನಿಮಿಷ ದೊಡ್ಡ ಉರಿಯಲ್ಲಿ ಕುದಿಸಿ. ಮೇಲೆ ಬಂದ ನೊರೆ ತೆಗೆದು ಉರಿ ಇಳಿಸಿ. ಆಮೇಲೆ ನೀರು ಅಲ್ಲಲ್ಲಿ ಗುಳ್ಳೆ ಏಳುವಷ್ಟು ಮಾತ್ರ ಕಾದಿದ್ದರೆ ಸಾಕು. ಕೊತಕೊತ ಕುದಿಯುತ್ತಲೇ ಇದ್ದರೆ ಕಾಳುಗಳು ಒಂದಕ್ಕೊಂದು ಬಡಿದು ಸಿಪ್ಪೆ ಬಿಡುತ್ತವೆ. ನೀರು ಕಮ್ಮಿಯಾದರೆ ಬಿಸಿನೀರನ್ನೇ ಸೇರಿಸಿ. ಕಾಬೂಲ್ ಕಡಲೆ, ರಾಜ್ಮಾಗೆ ಒಂದರಿಂದ ಒಂದೂವರೆ ಗಂಟೆ ಬೇಕಾಗುತ್ತದೆ. ಅಲಸಂದೆ 45 ನಿಮಿಷದೊಳಗೆ, ಹೆಸರುಕಾಳು ಅರ್ಧ ಗಂಟೆಯಲ್ಲಿ ಬೇಯುತ್ತವೆ.

ಕುಕ್ಕರ್‌ನಲ್ಲಿ ನೀರೂ ಕಾಳೂ ಸೇರಿ ಅರ್ಧ ಪಾತ್ರೆ ದಾಟಬಾರದು. ಇದು ಬರೀ ಚೆಲ್ಲುವ ಭಯಕ್ಕಲ್ಲ. ನೊರೆ ಮತ್ತು ಸಡಿಲವಾದ ಸಿಪ್ಪೆ ಮೇಲೆದ್ದು ಆವಿ ಹೋಗುವ ಸಣ್ಣ ಕೊಳವೆಗೆ ಸಿಕ್ಕಿಕೊಂಡರೆ ಒಳಗಿನ ಒತ್ತಡಕ್ಕೆ ದಾರಿಯೇ ಇರುವುದಿಲ್ಲ. ಒಂದು ಟೀ ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಪ್ರತಿಸಲ ಮುಚ್ಚಳ ಹಾಕುವ ಮುನ್ನ ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆ ಬದಿ ಕಾಣುತ್ತದೆಯೇ ನೋಡಿ.

ಇನ್ನು ಕೂಗು ಎಣಿಸುವ ವಿಚಾರ. ನಾಲ್ಕು ಕೂಗಿಗೆ ಬೇಯುತ್ತದೆ ಎಂದು ಒಬ್ಬರು ಹೇಳುತ್ತಾರೆ, ಎಂಟು ಎಂದು ಇನ್ನೊಬ್ಬರು. ಇಬ್ಬರದೂ ಅವರವರ ಒಲೆಗೆ ನಿಜ. ದೊಡ್ಡ ಉರಿಯಲ್ಲಿ ಎರಡೇ ನಿಮಿಷಕ್ಕೆ ಮೂರು ಕೂಗು ಬರಬಹುದು, ಸಣ್ಣ ಉರಿಯಲ್ಲಿ ಹತ್ತು ನಿಮಿಷಕ್ಕೆ ಒಂದೂ ಬಾರದಿರಬಹುದು. ಕಾಳನ್ನು ಬೇಯಿಸುವುದು ಒಳಗಿನ ಬಿಸಿ ಮತ್ತು ಅದು ನಿಂತ ಹೊತ್ತು. ಕೂಗು ಒತ್ತಡ ಮಿಗಿಲಾಗಿದೆ ಎನ್ನುವ ಸೂಚನೆ ಮಾತ್ರ. ಪೂರ್ತಿ ಒತ್ತಡ ಬಂದ ಕುಕ್ಕರ್‌ನಲ್ಲಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ತಲುಪಿರುತ್ತದೆ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣದು ಮಾಡಿ ಗಡಿಯಾರ ನೋಡಿ. ಚೆನ್ನಾಗಿ ನೆಂದ ಹೆಸರುಕಾಳು, ಅಲಸಂದೆಗೆ ಐದಾರು ನಿಮಿಷ ಸಾಕು. ರಾಜ್ಮಾಗೆ 12ರಿಂದ 15, ಕಾಬೂಲ್ ಕಡಲೆಗೆ 15ರಿಂದ 20 ನಿಮಿಷ. ಒತ್ತಡ ತಾನಾಗಿ ಇಳಿಯಲಿ. ವೆಯ್ಟ್ ಎತ್ತಿ ಆವಿ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಭೋರ್ಗರೆದು ಕುದಿದು ಕಾಳು ಒಡೆಯುತ್ತದೆ, ಕೈ ಸುಡುವ ಅಪಾಯ ಬೇರೆ.

ಬೆಂದಿದೆಯೇ? ನಾಲ್ಕೈದು ಕಾಳನ್ನು ಚಮಚದಲ್ಲಿ ತೆಗೆದು ಮೆಲ್ಲಗೆ ಊದಿ. ಸಿಪ್ಪೆ ಸುರುಟಿಕೊಂಡು ಬಿಡಲು ಶುರುವಾದರೆ ಹತ್ತಿರ ಬಂದಿದೆ. ಆರಿದ ಮೇಲೆ ಒಂದನ್ನು ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿ: ಹಲ್ಲಿನ ಸಹಾಯವಿಲ್ಲದೆ ಬೆಣ್ಣೆಯಂತೆ ಹರಡಬೇಕು, ಹಿಟ್ಟಿನ ತರಿ ಸಿಗಬಾರದು. ಒಂದು ಬೆಂದರೆ ಎಲ್ಲ ಬೆಂದಂತಲ್ಲ, ಐದೂ ಮೆತ್ತಗಿರಬೇಕು.

ರಾಜ್ಮಾ ಬಗ್ಗೆ ಒಂದು ಎಚ್ಚರಿಕೆ

ಇದನ್ನು ಹಗುರವಾಗಿ ಓದಬೇಡಿ. ಹಸಿ ಕೆಂಪು ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷದ ಅಂಶ ಹೆಚ್ಚಿರುತ್ತದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ ಆಗಬಹುದು. ಕನಿಷ್ಠ ಐದು ಗಂಟೆ ನೆನೆಯಿಟ್ಟು, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ದೊಡ್ಡ ಉರಿಯಲ್ಲಿ ಕುದಿಸಬೇಕು. 100 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೆ ಅದು ನಾಶವಾಗುತ್ತದೆ. ಪ್ರತಿ ಕಾಳಿನ ಒಳಗೂ ಬಿಸಿ ಮುಟ್ಟಲಿ ಎಂದು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸುವುದು ಲೇಸು. ಕುಕ್ಕರ್‌ನಲ್ಲಿ ಪೂರ್ತಿ ಬೆಂದರೆ ಚಿಂತೆಯಿಲ್ಲ. ತೊಂದರೆ ಬರುವುದು ಕುದಿಯದೆ ಬರೀ ಬೆಚ್ಚಗೆ ಬೇಯಿಸುವ ಸ್ಲೋ ಕುಕ್ಕರ್‌ನಲ್ಲಿ. 80 ಡಿಗ್ರಿಯ ಆಸುಪಾಸಿನಲ್ಲಿ ಈ ವಿಷ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಕಾಳೇನೋ ಮೆತ್ತಗಾಗಿರುತ್ತದೆ, ವಿಷ ಹಾಗೇ ಇರುತ್ತದೆ.

ಆದರೂ ಬೇಯದಿದ್ದರೆ

ಮೊದಲು ಹುಳಿಯನ್ನು ಅನುಮಾನಿಸಿ. ಟೊಮೆಟೊ, ನಿಂಬೆರಸ, ವಿನೆಗರ್ ಯಾವುದೇ ಮೊದಲೇ ಬಿದ್ದರೆ ಸಿಪ್ಪೆಯ ಪೆಕ್ಟಿನ್ ಕರಗದೆ ಬಿಗಿಯಾಗಿಯೇ ಉಳಿಯುತ್ತದೆ. ಬೆಲ್ಲಕ್ಕೂ ಅದೇ ಗುಣ. ಇವೆಲ್ಲ ಕಾಳು ಪೂರ್ತಿ ಬೆಂದ ನಂತರವೇ. ಎರಡನೆಯದು ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರಾದರೆ ಶುದ್ಧೀಕರಿಸಿದ ನೀರು ಬಳಸಿ, ಅಥವಾ ಅರ್ಧ ಕಿಲೋ ಕಾಳಿಗೆ ಕಾಲು ಟೀ ಚಮಚ ಅಡುಗೆ ಸೋಡ ಹಾಕಿ. ಅದಕ್ಕಿಂತ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ. ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಅಲ್ಲಿ ಕುಕ್ಕರ್ ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಇಟ್ಟುಕೊಳ್ಳುವುದು, ತಿನ್ನುವುದು

ಬೆಂದ ಕಾಳಿನ ಕಟ್ಟನ್ನು ಚೆಲ್ಲಬೇಡಿ. ಕಾಳನ್ನು ಅದರಲ್ಲೇ ಮುಳುಗಿಸಿಟ್ಟರೆ ಒಣಗುವುದಿಲ್ಲ, ಸಿಪ್ಪೆ ಬಿರಿಯುವುದಿಲ್ಲ. ಸೂಪಿಗೂ ಅದೇ ಒದಗುತ್ತದೆ. ಅಗಲವಾದ ಪಾತ್ರೆಗೆ ತೆಳ್ಳಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಟ್ಟರೆ ನಡುವಿನ ಭಾಗ ರಾತ್ರಿಯಿಡೀ ಬೆಚ್ಚಗಿದ್ದು ಹಳಸುತ್ತದೆ. ಫ್ರಿಜ್ಜಿನಲ್ಲಿ ಮೂರು–ನಾಲ್ಕು ದಿನ ಬರುತ್ತದೆ, ಫ್ರೀಜರ್‌ನಲ್ಲಿ ಎರಡು–ಮೂರು ತಿಂಗಳು. ಒಂದು ಊಟಕ್ಕೆ ಬೇಕಾದಷ್ಟನ್ನೇ ಒಂದೊಂದು ಡಬ್ಬಿಗೆ ಹಾಕಿಡಿ.

ಹೊಟ್ಟೆ ಉಬ್ಬರಿಸುತ್ತದೆಂದು ಕಾಳು ಬಿಟ್ಟವರು ಬಹಳ. ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಿಗುತ್ತವೆ, ಅಲ್ಲಿ ಗ್ಯಾಸ್ ಹುಟ್ಟುತ್ತದೆ. ನೆಂದ ನೀರು ಚೆಲ್ಲಿದರೆ ಸ್ವಲ್ಪ ಭಾಗ ಹೋಗುತ್ತದೆ. ಉಳಿದದ್ದಕ್ಕೆ ದಿನಕ್ಕೆ ಎರಡು ದೊಡ್ಡ ಚಮಚದಿಂದ ಶುರುಮಾಡಿ ಎರಡು–ಮೂರು ವಾರದಲ್ಲಿ ಏರಿಸುತ್ತ ಹೋಗಿ.

ಇನ್ನು ಊಟ. ಇಬ್ಬರಿಗೆ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ ಬಾಡಿಸಿ, ಎರಡು ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬೇಯಿಸಿ. ಒಂದೂವರೆ ಕಪ್ ಕಾಳು, ಒಂದು ಕಪ್ ಕಟ್ಟು, ಅರ್ಧ ಟೀ ಚಮಚ ಉಪ್ಪು ಸೇರಿಸಿ ಹತ್ತು ನಿಮಿಷ ಕುದಿಸಿ. ಹಿಡಿಯಷ್ಟು ಕಾಳನ್ನು ಚಮಚದ ಬೆನ್ನಿನಿಂದ ಪಾತ್ರೆಯ ಅಂಚಿಗೆ ಅರೆದರೆ ತಾನೇ ಗಟ್ಟಿಯಾಗುತ್ತದೆ, ಕೆನೆಯೂ ಬೇಡ, ಹಿಟ್ಟೂ ಬೇಡ. ಎರಡು ಹಿಡಿ ಸೊಪ್ಪನ್ನು ಕೊನೆಯ ಎರಡು ನಿಮಿಷಕ್ಕೆ ಹಾಕಿ. ಉಪ್ಪು ನೆನೆಯಿಡುವಾಗಲೂ ಸ್ವಲ್ಪ ಹಿಡಿದಿರುತ್ತದೆ, ರುಚಿ ನೋಡಿಯೇ ಹೆಚ್ಚಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಒಳಗೆ. ಇದರ ಜೊತೆ ಅನ್ನವೋ ರೊಟ್ಟಿಯೋ ಇರಲಿ. ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳ ಪೈಕಿ ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ, ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ.

ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆಯಿರಿ. ಸಿ ಜೀವಸತ್ವ ಆ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ, ಆದರೆ ಬಿಸಿಗೆ ಅದು ಉಳಿಯುವುದಿಲ್ಲ. ಹಾಗಾಗಿ ನಿಂಬೆಹಣ್ಣನ್ನು ಹಿಂಡುವುದು ಒಲೆಯ ಮೇಲಿನ ಪಾತ್ರೆಗಲ್ಲ, ತಟ್ಟೆಗೆ ಬಡಿಸಿದ ಮೇಲೆ.