ಆಸ್ಪತ್ರೆ ವಿಸ್ತರಣೆ: ಗಿಲಾವಿಗೂ ಮೊದಲು ಪಾಳಿಪಟ್ಟಿ

ಸಮುದಾಯ ಆರೋಗ್ಯ ಕೇಂದ್ರವೆಂದರೆ 30 ಹಾಸಿಗೆ. ಅದನ್ನು 100 ಹಾಸಿಗೆಗೆ ಏರಿಸಬೇಕೆಂಬ ಬೇಡಿಕೆ ಯಾದಗಿರಿ, ಕಲಬುರಗಿ ಜಿಲ್ಲೆಗಳ ಸಣ್ಣ ಪಟ್ಟಣಗಳಲ್ಲಿ ಆಗಾಗ ಏಳುತ್ತದೆ. ಬೇಡಿಕೆ ಈಡೇರಿ ಕಟ್ಟಡ ಎದ್ದ ಮೇಲೂ ಮಹಡಿಯ ಮಂಚಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಉಳಿದು, ಕೆಳಗಿನ ವಾರ್ಡಿನಲ್ಲಿ ಒಂದೇ ಮಂಚದ ಮೇಲೆ ಇಬ್ಬರು ಬಾಣಂತಿಯರು ಮಲಗುವ ಸ್ಥಿತಿ ಬರುವುದುಂಟು. ಕಟ್ಟಡದ ಕಡತ ಒಬ್ಬರ ಮೇಜಿನಲ್ಲಿ, ಹುದ್ದೆಗಳ ಕಡತ ಇನ್ನೊಬ್ಬರ ಮೇಜಿನಲ್ಲಿ ಇದ್ದು, ಎರಡನ್ನೂ ಒಟ್ಟಿಗೆ ನೋಡುವವರು ಇಲ್ಲದಿರುವುದೇ ಇದಕ್ಕೆ ಕಾರಣ.

ಮೊದಲು ತಂಡ ಕಟ್ಟಬೇಕು. ಆಡಳಿತ ವೈದ್ಯಾಧಿಕಾರಿ, ಹಿರಿಯ ನರ್ಸ್, ಎಂಜಿನಿಯರ್, ಪ್ರಯೋಗಾಲಯ ತಂತ್ರಜ್ಞ, ಗ್ರೂಪ್ ಡಿ ನೌಕರರ ಒಬ್ಬ ಪ್ರತಿನಿಧಿ, ಆಸ್ಪತ್ರೆಯ ಮೇಲ್ವಿಚಾರಣೆಗಿರುವ ಆರೋಗ್ಯ ರಕ್ಷಾ ಸಮಿತಿಯ ಒಬ್ಬ ಸದಸ್ಯರು ಇದ್ದರೆ ಸಾಕು. ಇಪ್ಪತ್ತು ಜನರ ಸಮಿತಿ ಫೋಟೊಕ್ಕೆ ಮಾತ್ರ ಒದಗುತ್ತದೆ. ಸಹಿಯ ಅಧಿಕಾರ ವೈದ್ಯಾಧಿಕಾರಿಯದೇ ಆದರೂ ದಿನನಿತ್ಯದ ಹೊಂದಾಣಿಕೆಯ ಹೊಣೆಯನ್ನು ಹಿರಿಯ ನರ್ಸ್‌ಗೇ ಕೊಡಬೇಕು. ವೈದ್ಯರು ವರ್ಗಾವಣೆಯಾಗಿ ಹೋಗುತ್ತಾರೆ, ಹೊರರೋಗಿ ವಿಭಾಗದ ಸಾಲು ಅವರನ್ನು ಬಿಡುವುದಿಲ್ಲ. ಯಾವ ವಾರ್ಡಿನಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಯಾವ ಬಾಗಿಲು ತೆರೆದಿರಬೇಕು ಎಂಬುದು ನರ್ಸ್‌ಗೆ ಗೊತ್ತಿರುತ್ತದೆ. ವಾರಕ್ಕೊಮ್ಮೆ ಸಭೆ, ಒಂದೇ ರಿಜಿಸ್ಟರ್, ಪ್ರತಿ ತೀರ್ಮಾನದ ಎದುರು ಒಬ್ಬರದೇ ಹೆಸರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ತೋರಿಸಿದ್ದನ್ನು ತೀರ್ಮಾನವೆಂದು ಎಣಿಸಬಾರದು.

ಎರಡನೆಯದು ಹುದ್ದೆ. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಗೋಡೆ ಎದ್ದೀತು. ಹೊಸ ಹುದ್ದೆಗೆ ಮಾತ್ರ ಆರೋಗ್ಯ ಇಲಾಖೆಯ ಪ್ರಸ್ತಾವವೂ ಆರ್ಥಿಕ ಇಲಾಖೆಯ ಒಪ್ಪಿಗೆಯೂ ಬೇಕು. ಆ ದಾರಿ ಉದ್ದವಾದುದರಿಂದ ಶಂಕುಸ್ಥಾಪನೆಗೂ ಮೊದಲೇ ಕಡತ ಹೊರಡಬೇಕು. ಅದರಲ್ಲಿ ಬರೆಯುವ ಸಂಖ್ಯೆಯನ್ನು ಪಾಳಿಪಟ್ಟಿಯಿಂದ ಲೆಕ್ಕ ಹಾಕಬೇಕೇ ಹೊರತು ಹಾಸಿಗೆಯಿಂದ ಅಲ್ಲ. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿ. ಒಬ್ಬ ನರ್ಸ್ ವಾರದ ರಜೆ ಕಳೆದು ಆರು ಪಾಳಿ ಮಾಡಿದರೆ, ಒಂದು ಜಾಗ ತುಂಬಲು ಮೂರೂವರೆ ಮಂದಿ ಬೇಕು. ಹೆರಿಗೆ ರಜೆ, ಕಾಯಿಲೆ, ತರಬೇತಿ ಎಲ್ಲ ಸೇರಿಸಿದರೆ ಅದು ನಾಲ್ಕೂವರೆಗೆ ಮುಟ್ಟುತ್ತದೆ. ಹೊಸ ವಾರ್ಡುಗಳಿಗೆ ಪಾಳಿಗೆ ಏಳು ನರ್ಸ್ ಬೇಕಿದ್ದರೆ ಪ್ರಸ್ತಾವದಲ್ಲಿ ಇರಬೇಕಾದುದು ಏಳಲ್ಲ, 32. ಸಂವಿಧಾನದ 371(ಜೆ) ವಿಧಿಯಡಿ ಇಲ್ಲಿ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯ ವೃಂದಕ್ಕೆ, ಅಂದರೆ ಈ ಭಾಗದವರಿಗೆ, ಮೀಸಲಿರುವುದರಿಂದ, ಆ ವಿಂಗಡಣೆಯನ್ನು ಮೊದಲೇ ತೋರಿಸಿದರೆ ಕಡತ ವಿವರಣೆ ಕೇಳಿಕೊಂಡು ಮರಳುವುದು ತಪ್ಪುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ನಿಯೋಜನೆಯ ಮೇಲೆ ನರ್ಸ್‌ಗಳನ್ನು ಕರೆತರುವ ಅಡ್ಡದಾರಿಯೊಂದಿದೆ. ಅದರಿಂದ ಪಟ್ಟಣದ ವಾರ್ಡು ತುಂಬಿ ಹಳ್ಳಿಯ ಹೆರಿಗೆ ಕೋಣೆ ಖಾಲಿಯಾಗುತ್ತದೆ, ಆ ಹಳ್ಳಿಯ ಗರ್ಭಿಣಿಯರೂ ಪಟ್ಟಣಕ್ಕೇ ಬರುತ್ತಾರೆ.

ಮೂರನೆಯದು ನಕ್ಷೆ. ಕಾಗದದ ಮೇಲೆ ಎಲ್ಲ ನಕ್ಷೆಯೂ ಚೆಂದ. ಅದಕ್ಕೆ ಒಪ್ಪಿಗೆ ಕೊಡುವ ಮೊದಲು ಆಸ್ಪತ್ರೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಒಂದು ಮಹಡಿಯನ್ನು ನಿಜ ಅಳತೆಯಲ್ಲೇ ಎಳೆಸಿ, ಗೋಡೆಯ ಜಾಗದಲ್ಲಿ ಜನರನ್ನು ನಿಲ್ಲಿಸಿ, ಸ್ಟ್ರೆಚರ್ ಮೇಲೆ ಒಬ್ಬರನ್ನು ಮಲಗಿಸಿ, ಹೆರಿಗೆ ಕೋಣೆಯಿಂದ ಶಸ್ತ್ರಚಿಕಿತ್ಸಾ ಕೊಠಡಿಯವರೆಗೆ ಆಯಾಗಳಿಂದಲೇ ತಳ್ಳಿಸಬೇಕು. ತಿರುವಿನಲ್ಲಿ ಚಕ್ರ ಸುಣ್ಣದ ಗೆರೆ ದಾಟಿದರೆ ನಾಳೆ ಅದು ಗೋಡೆಗೆ ಬಡಿಯುತ್ತದೆ ಎಂದೇ ಅರ್ಥ. ಕಟ್ಟಡದೊಳಗಿನ ಓಣಿ 2.4 ಮೀಟರ್ ಅಗಲವಿದೆಯೆಂದು ಎಂಜಿನಿಯರ್ ಹೇಳುವುದು ನಿಜವೇ. ಆದರೆ ನಮ್ಮಲ್ಲಿ ಒಬ್ಬ ರೋಗಿಯ ಹಿಂದೆ ನಾಲ್ಕೈದು ಜನ ರೊಟ್ಟಿ ಬುತ್ತಿ, ಚಾಪೆ, ಕೌದಿ ಹಿಡಿದು ಬರುತ್ತಾರೆ. ಅವರಿಗೆ ನೆರಳು, ಕುಡಿಯುವ ನೀರು, ಶೌಚಾಲಯವಿರುವ ಪಡಸಾಲೆಯನ್ನು ನಕ್ಷೆಯಲ್ಲೇ ಸೇರಿಸದಿದ್ದರೆ ಅವರು ಓಣಿಯಲ್ಲೇ ಕೂಡುತ್ತಾರೆ. ಸ್ಟ್ರೆಚರ್‌ಗೆ ಉಳಿಯುವುದು ಅರ್ಧ ದಾರಿ. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ಅವರನ್ನು ಹೊರಗೆ ಕಳಿಸುವ ಮಾತೇ ಬರುವುದಿಲ್ಲ.

ಕಟ್ಟುವುದು ಗುತ್ತಿಗೆದಾರರ ಕೆಲಸ. ಎರಿ (ಕಪ್ಪು) ಮಣ್ಣಿನ ಪರೀಕ್ಷೆಯ ವರದಿಯನ್ನು ಕೇಳಿ ಪಡೆದಿಟ್ಟುಕೊಂಡರೆ ಸಾಕು. ನೆಲದ ಬಗ್ಗೆ ಮಾತ್ರ ಹಟ ಹಿಡಿಯಬೇಕು. ಪಡಸಾಲೆಗೆ ಶಹಾಬಾದ್ ಪರ್ಶಿಗಿಂತ ಒಳ್ಳೆಯದಿಲ್ಲ, ಆದರೆ ಶಸ್ತ್ರಚಿಕಿತ್ಸಾ ಕೊಠಡಿಗೆ ಸಂದುಗಳಿಲ್ಲದ ನೆಲವೇ ಬೇಕು, ಏಕೆಂದರೆ ಸಂದಿನೊಳಗೆ ಇಳಿದ ರಕ್ತ ಎಷ್ಟು ತೊಳೆದರೂ ಹೋಗದು. ಇಳಿಜಾರು ದಾರಿಗೆ ಹೊಳೆಯುವ ಟೈಲ್ಸ್ ಹಾಕಿಸುವವರ ಬಿಲ್ಲಿಗೆ ಸಹಿ ಮಾಡಬಾರದು. ಪಾರ್ಟಿಕಲ್ ಬೋರ್ಡಿನ ಔಷಧ ಕಪಾಟುಗಳು ಅಗ್ಗವೆನಿಸಿದರೂ ಒಂದೆರಡು ಮಳೆಗಾಲದಲ್ಲಿ ಉಬ್ಬಿ ಬಾಗಿಲು ಮುಚ್ಚದಂತಾಗುತ್ತವೆ, ಉಕ್ಕಿನವೇ ಇರಲಿ.

ಕೊನೆಗೆ ಸ್ಥಳಾಂತರ. ಎಲ್ಲವನ್ನೂ ಉದ್ಘಾಟನೆಯ ದಿನವೇ ಸಾಗಿಸುವುದು ಅಪಾಯ. ಮೊದಲು ಹೊರರೋಗಿ ವಿಭಾಗ, ನಂತರ ವಾರ್ಡುಗಳು, ಕೊನೆಯಲ್ಲಿ, ಅದೂ ರೋಗಾಣುಗಳಿವೆಯೇ ಎಂದು ನೋಡುವ ಸ್ವಾಬ್ ಪರೀಕ್ಷೆಯ ವರದಿ ಕೈಸೇರಿದ ಮೇಲೆಯೇ, ಶಸ್ತ್ರಚಿಕಿತ್ಸಾ ಕೊಠಡಿ. ಜೈವಿಕ ವೈದ್ಯಕೀಯ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲವಾದ್ದರಿಂದ, ತ್ಯಾಜ್ಯ ಒಯ್ಯುವ ವಾಹನಕ್ಕೆ ಹೊಸ ಗೇಟಿನ ದಾರಿಯನ್ನು ಮೊದಲೇ ತಿಳಿಸಿರಬೇಕು. ಪೂರ್ತಿ ಸ್ಥಳಾಂತರ ಮುಗಿಯುವವರೆಗೆ ತುರ್ತು ಚಿಕಿತ್ಸೆ ಯಾವ ಕಟ್ಟಡದಲ್ಲಿದೆ ಎಂಬುದನ್ನು 108 ಆಂಬುಲೆನ್ಸ್ ಚಾಲಕರಿಗೆ, ಆಶಾ ಕಾರ್ಯಕರ್ತೆಯರಿಗೆ ಪ್ರತಿದಿನ ಬೆಳಿಗ್ಗೆ ಫೋನ್ ಮಾಡಿ ಹೇಳುವ ಕೆಲಸವನ್ನು ಒಬ್ಬರಿಗೇ ವಹಿಸಿ, ಅವರ ಹೆಸರನ್ನೂ ಅದೇ ರಿಜಿಸ್ಟರಿನಲ್ಲಿ ಬರೆದಿಡಬೇಕು.