ಹ್ಯಾಡನ್ ಹಾಲ್ ಮತ್ತು ಬೇಕ್‌ವೆಲ್: ನಾನು ನೋಡುವ ಕ್ರಮ

ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿ, ವೈ ನದಿಯ ಪಕ್ಕದ ದಿಣ್ಣೆಯ ಮೇಲಿದೆ ಹ್ಯಾಡನ್ ಹಾಲ್ ಎಂಬ ಹಳೆಯ ಕಾಲದ ದೊಡ್ಡ ಮನೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಡಾರ್ಬಿ, ಅಲ್ಲಿ ರೈಲು ಬದಲಿಸಿ ಮ್ಯಾಟ್‌ಲಾಕ್, ಮುಂದೆ ಬಸ್ಸು: ಇದು ನಾನು ಹೋಗುವ ದಾರಿ. ಬೇಕ್‌ವೆಲ್ ಬಸ್ಸಿನಲ್ಲಿ ಹಾಲ್ ಮೊದಲು ಸಿಗುತ್ತದೆ, ಊರು ಇನ್ನೂ ಸುಮಾರು ಎರಡು ಮೈಲಿ ಮುಂದೆ. ಹಾಗಾಗಿ ಮೊದಲು ಹಾಲ್‌ನಲ್ಲೇ ಇಳಿಯುತ್ತೇನೆ. ಮನೆ ಮ್ಯಾನರ್ಸ್ ಮನೆತನದ ಸ್ವಂತದ್ದು, ಹಳೆಯ ಮನೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯರ ಕಾರ್ಡ್ ಇಲ್ಲಿ ನಡೆಯದು. ವರ್ಷವಿಡೀ ತೆರೆದಿರುವುದೂ ಇಲ್ಲ. ದಿನಾಂಕ ನೋಡಿಕೊಂಡೇ ರೈಲು ಟಿಕೆಟ್ ತೆಗೆಯಬೇಕು.

1700ರ ನಂತರ ಮಾಲೀಕರು ತಮ್ಮ ಇನ್ನೊಂದು ಮನೆಯಾದ ಬೀವರ್ ಕೋಟೆಯಲ್ಲೇ ನೆಲೆಸಿದ್ದರಿಂದ ಈ ಮನೆ ಸುಮಾರು ಇನ್ನೂರು ವರ್ಷ ಖಾಲಿ ಬಿದ್ದಿತ್ತು. ಆ ಕಾಲದ ಹೊಸ ಶೋಕಿಗೆ ತಕ್ಕಂತೆ ಯಾರೂ ಇದನ್ನು ಒಡೆದು ಕಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಮನೆತನದ ಒಂಬತ್ತನೆಯ ಡ್ಯೂಕ್ ಆಫ್ ರಟ್‌ಲ್ಯಾಂಡ್ ಜೋಪಾನವಾಗಿ ದುರಸ್ತಿ ಮಾಡಿಸಿದರು. ಹಾಗಾಗಿ ಇಲ್ಲಿ ನೋಡಬೇಕಾದ್ದು ವೈಭವಕ್ಕಿಂತ ಹೆಚ್ಚಾಗಿ ಸವೆತ. ಅಡುಗೆಮನೆಗೆ ಅರ್ಧ ಗಂಟೆಯನ್ನಾದರೂ ಕೊಡಿ. ಮಾಂಸ ಕೊಚ್ಚಿ ಕೊಚ್ಚಿ ಕುಳಿಬಿದ್ದ ಮರದ ದಿಮ್ಮಿ ಅಲ್ಲಿದೆ. ಹೆಚ್ಚಿನವರು ಬಾಗಿಲಲ್ಲೇ ಇಣುಕಿ ಹೋಗಿಬಿಡುತ್ತಾರೆ. ಊಟದ ದೊಡ್ಡ ಹಜಾರದಲ್ಲಿ ಮರದ ತಡಿಕೆಗೆ ಬಿಗಿದ ಕಬ್ಬಿಣದ ಕೊಂಡಿಯನ್ನು ಹುಡುಕಿ. ಪಾಲಿಗೆ ಬಂದ ಮದ್ಯವನ್ನು ಕುಡಿಯದ ಅತಿಥಿಯ ಕೈಯನ್ನು ಅದಕ್ಕೆ ಸಿಕ್ಕಿಸಿ, ಅದೇ ಮದ್ಯವನ್ನು ತೋಳಿನೊಳಕ್ಕೆ ಸುರಿಯುತ್ತಿದ್ದರಂತೆ.

ಮನೆಯದೇ ಪುಟ್ಟ ಚರ್ಚಾದ ಚಾಪೆಲ್‌ನ ಒಳಗೆ ಹೊಕ್ಕ ಕೂಡಲೇ ಏನೂ ಕಾಣದು. ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕೂತರೆ ಗೋಡೆಯ ಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾದ ಧಾರ್ಮಿಕ ಸುಧಾರಣೆಯ ಕಾಲದಲ್ಲಿ ಅವಕ್ಕೆ ಸುಣ್ಣ ಬಳಿದಿದ್ದರು, ದುರಸ್ತಿಯ ಹೊತ್ತಿಗೆ ಮತ್ತೆ ಬಿಡಿಸಿ ತೆಗೆದರು. ಪೂರ್ವದ ಕಿಟಕಿಯ ಬಣ್ಣದ ಗಾಜು 1427ರದ್ದು.

110 ಅಡಿ ಉದ್ದದ ಲಾಂಗ್ ಗ್ಯಾಲರಿ ಎಂಬ ಮೇಲಿನ ಹಜಾರವನ್ನು ನಾನು ಬಿಸಿಲಿಗೆ ಕಾದು ನೋಡುತ್ತೇನೆ. ಕಿಟಕಿಯ ಗಾಜಿನ ಚೌಕಟ್ಟುಗಳು ಒಳಕ್ಕೂ ಹೊರಕ್ಕೂ ಉಬ್ಬಿರುವುದರಿಂದ ಒಂದೊಂದು ಬಿಲ್ಲೆಯೂ ಬೆಳಕನ್ನು ಬೇರೆ ಬೇರೆ ಕಡೆಗೆ ಎಸೆಯುತ್ತದೆ. ಮೋಡ ಕವಿದಿದ್ದರೆ ಮೊದಲು ಕೆಳಗಿನ ತೋಟ ಸುತ್ತಿ, ಮೋಡ ಸರಿದ ಮೇಲೆ ಮೇಲೆ ಬನ್ನಿ.

ಕಲ್ಲಿನ ಮೆಟ್ಟಿಲುಗಳು ಸವೆದು ನಡುವೆ ತಗ್ಗಾಗಿವೆ, ಮಳೆಗೆ ಜಾರುತ್ತವೆ. ಚಪ್ಪಟೆ ಅಡಿಯ, ಹಿಡಿತವಿರುವ ಶೂ ಬೇಕು. ಗಾಲಿಕುರ್ಚಿಯವರಿಗೆ ಮನೆಯ ಬಹುಭಾಗ ಕಷ್ಟ. ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬೇಕ್‌ವೆಲ್‌ನಲ್ಲಿ ಸೋಮವಾರ ಸಂತೆ, ಜೊತೆಗೆ ದನಕುರಿಗಳ ಮಾರಾಟ. ಊರಿನ ನಿಜವಾದ ಕಳೆ ಅಂದೇ ಕಾಣುತ್ತದೆ, ಆದರೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಏರಿನ ಮೇಲಿನ ಆಲ್ ಸೇಂಟ್ಸ್ ಚರ್ಚನ್ನು ತಪ್ಪಿಸಬೇಡಿ. ಹ್ಯಾಡನ್ನಿನ ಡೊರೊಥಿ ವರ್ನನ್ ಮತ್ತು ಆಕೆಯ ಗಂಡ ಜಾನ್ ಮ್ಯಾನರ್ಸ್ ಸಮಾಧಿ ಅಲ್ಲಿದೆ. ಇಬ್ಬರೂ ಓಡಿಹೋಗಿ ಮದುವೆಯಾದ ಕಥೆಯನ್ನು ಹತ್ತೊಂಬತ್ತನೆಯ ಶತಮಾನದವರು ಬಹಳ ಬೆಳೆಸಿದರು. ಹ್ಯಾಡನ್ ವರ್ನನ್ನರಿಂದ ಮ್ಯಾನರ್ಸ್ ಮನೆತನಕ್ಕೆ ಬಂದದ್ದು ಈ ಮದುವೆಯಿಂದಲೇ.

ತಿನ್ನಲು ಬೇಕ್‌ವೆಲ್ ಟಾರ್ಟ್ ಬೇಡ, ಬೇಕ್‌ವೆಲ್ ಪುಡ್ಡಿಂಗ್ ಕೇಳಿ, ಎರಡೂ ಬೇರೆ ಬೇರೆ ಸಿಹಿತಿಂಡಿ. ಪದರ ಪದರವಾದ ಹಿಟ್ಟಿನ ಬಟ್ಟಲಲ್ಲಿ ಜಾಮ್, ಮೇಲೆ ಮೊಟ್ಟೆ, ಬೆಣ್ಣೆ, ಸಕ್ಕರೆ, ಬಾದಾಮಿಯ ಮೆತ್ತನೆ ಹೂರಣ. ಮೊಟ್ಟೆ ತಿನ್ನದವರಿಗೆ ಆಗದು. ಬಿಸಿಯಾಗಿದ್ದಾಗಲೇ ತಿನ್ನಿ, ಆರಿದರೆ ತಳ ಒದ್ದೆಯಾಗಿ ಗರಿಗರಿ ಹೋಗುತ್ತದೆ.