ಮಲ್ಲಿಗೆ ಅಟ್ಟೆಯಿಂದ ಘಾತಾಂಕಕ್ಕೆ: ಮ, ನ ಕಂಡುಹಿಡಿಯುವುದು ಹೇಗೆ?

ಶಂಕರಪುರದ ಕಡೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಮನೆಯ ಮಕ್ಕಳಿಗೆ ಈ ಲೆಕ್ಕ ಬಾಯಿಪಾಠ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3200 ಹೂ. ಉಡುಪಿಯ ನಮ್ಮ ಚಾವಡಿಗೆ ಪಾಠಕ್ಕೆ ಬರುವ ಮಕ್ಕಳಿಗೆ ನಾನು ಘಾತಾಂಕ ಶುರು ಮಾಡುವುದು ಇಲ್ಲಿಂದಲೇ.

ಪ್ರಶ್ನೆ ಇದು: 2^ಮ × 5^ನ = 3200. ಮ, ನ ಪೂರ್ಣ ಸಂಖ್ಯೆಗಳಾದರೆ ಅವು ಎಷ್ಟು? ಇಲ್ಲಿ ^ ಗುರುತಿನ ಮೊದಲು ಇರುವುದು ಆಧಾರ, ನಂತರ ಇರುವುದೇ ಘಾತಾಂಕ. ಆಧಾರವನ್ನು ಎಷ್ಟು ಸಲ ಬರೆದು ಗುಣಿಸಬೇಕು ಎಂದು ಅದು ಹೇಳುತ್ತದೆ. ನೋಟ್‌ಬುಕ್ಕಿನಲ್ಲಿ ಅದನ್ನು ಮೇಲೆ ಚಿಕ್ಕದಾಗಿ ಬರೆಯಿರಿ.

ಮೊದಲು ಒಂದು ಚೆಂಡನ್ನು ಒಡೆಯೋಣ. 800 ಅಂದರೆ 8 × 100. 8 ಎಂದರೆ 2^3, 100 ಎಂದರೆ 2^2 × 5^2. ಸೇರಿಸಿದರೆ 2^5 × 5^2. ಅಟ್ಟೆಗೆ ನಾಲ್ಕು ಚೆಂಡು, ಅಂದರೆ ಇನ್ನೊಂದು 2^2. ಆಧಾರ ಒಂದೇ ಇದ್ದು ಗುಣಿಸುವಾಗ ಘಾತಾಂಕ ಕೂಡಬೇಕು ಅಲ್ವಾ? 5 + 2 = 7. ಹಾಗಾಗಿ 3200 = 2^7 × 5^2. ಮ = 7, ನ = 2.

ಈಗ ಅಕ್ಷರದ ಲೆಕ್ಕ. ಇಲ್ಲಿ ಮ, ನ ಬೇರೆ, ಹೊಸದಾಗಿ ಕಂಡುಹಿಡಿಯಬೇಕು. ಕ-ಗೆ ಯಾವ ಬೆಲೆ ಕೊಟ್ಟರೂ ಈ ಎರಡು ಬದಿ ಸಮ:

(3ಕ^ಮ)^2 × ಕ^4 = ನಕ^14

ಮಕ್ಕಳು ಜಾಸ್ತಿ ಎಡವುವುದು ಆವರಣದಲ್ಲೇ. ಮಳೆಗೆ ರಜೆ ಸಿಕ್ಕ ಒಂದು ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ಸಲ ಮಾಡಿದರೂ ಮ = 8 ಎಂದೇ ಬರುತ್ತಿತ್ತು. ಅವಳು ಮ + 2 + 4 = 14 ಎಂದು ಬರೆದಿದ್ದಳು. ನಾನು ಸೂತ್ರ ಹೇಳಲಿಲ್ಲ. "ಆವರಣವನ್ನು ಎರಡು ಸಲ ಬರೆ ಮಗಾ" ಎಂದೆ. 3ಕ^ಮ × 3ಕ^ಮ ಎಂದು ಬರೆದಳು, ಪೆನ್ಸಿಲ್ ನಿಂತಿತು. ಮ-ಗೆ ಮ ಕೂಡಿದರೆ 2ಮ! ಮೂರು ಕೂಡ ಎರಡು ಸಲ ಇದೆ, ಅದು 9. ಘಾತದ ಮೇಲೆ ಘಾತ ಬಂದಾಗ ಘಾತಾಂಕಗಳನ್ನು ಗುಣಿಸುವುದು ಯಾಕೆ ಎಂದು ಆಮೇಲೆ ಅವಳಿಗೆ ಹೇಳಬೇಕಾಗಲಿಲ್ಲ.

ಎಡಬದಿ ಈಗ 9ಕ^(2ಮ + 4). ಕ-ದ ಎಡಕ್ಕಿರುವ ಅಂಕಿಗೆ ಅಂಕಿ, ಘಾತಾಂಕಕ್ಕೆ ಘಾತಾಂಕ ಹೋಲಿಸಿ. ನ = 9. 2ಮ + 4 = 14, ಅಂದರೆ ಮ = 5.

ಉತ್ತರ ತಾಳೆ ನೋಡದೆ ಬಿಡಬೇಡಿ. ಆದರೆ ಕ-ಗೆ 1 ಹಾಕಬೇಡಿ. 1ರ ಯಾವ ಘಾತವೂ 1 ಆದ್ದರಿಂದ ತಪ್ಪು ಮ ಕೂಡ ಸರಿ ಎಂದೇ ಕಾಣುತ್ತದೆ. 2 ಹಾಕಿ. ಎಡಕ್ಕೆ 96 × 96 × 16, ಬಲಕ್ಕೆ 9 × 16384. ಎರಡೂ 147456.

ಆಧಾರ ಬೇರೆ ಬೇರೆ ಇದ್ದರೆ ಮೊದಲು ಒಂದೇ ಮಾಡಿಕೊಳ್ಳಿ. 8^ಮ = 4^6 ಮಾಡಿ ನೋಡಿ. ಎರಡನ್ನೂ 2ರ ಘಾತಕ್ಕೆ ತನ್ನಿ. ಮ = 4 ಬರಬೇಕು.